ಖಾಲಿ ಸಾಲಿನ ಫೋಟೊ

ತುಳಸಿಮಣಿ ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಹದಿನೈದು ವರ್ಷ ಓವರ್‌ಲಾಕ್ ಹೊಲಿಗೆ ಮಷೀನು ತುಳಿದವಳು. ಕತ್ತಿನ ನರ ಹಿಡಿದು ತಲೆ ಬಗ್ಗಿಸಲಾಗದೆ ಹೋದಾಗ ಮಾಲೀಕ ಚೆನ್ನಿಯಪ್ಪನ್ ಅವಳ ಕೈಬಿಡಲಿಲ್ಲ. ಗೇಟಿನ ಪಕ್ಕದ ಕೋಣೆಯಲ್ಲಿ ಕೂರಿಸಿ, ಟೈಲರುಗಳನ್ನು ಹುಡುಕಿ ಕರೆತರುವ ಕೆಲಸ ಕೊಟ್ಟರು. ಮೊದಲೆಲ್ಲ ಲೈಟುಕಂಬಕ್ಕೊಂದು ಚೀಟಿ ಅಂಟಿಸಿದರೆ ಸಾಕಿತ್ತು. ಈಗ ಕಂಬದ ಕಡೆ ತಲೆ ಎತ್ತುವವರಿಲ್ಲ, ಎಲ್ಲರ ಕಣ್ಣೂ ಅಂಗೈಯ ಫೋನಿನಲ್ಲಿ.

ದೀಪಾವಳಿಗೆ ಮುಂಚೆ ದೊಡ್ಡ ಆರ್ಡರು ಬಂತು. ಒಂದಿಡೀ ಸಾಲು ಮಷೀನಿಗೆ ಜನವಿಲ್ಲ. ಚೆನ್ನಿಯಪ್ಪನ್ ಕೆಲಸ ಕೊಡಿಸುವ ವೆಬ್‌ಸೈಟೊಂದರಲ್ಲಿ ಜಾಹೀರಾತು ಹಾಕಿಸಿದರು. ಅರ್ಜಿಗಳೇನೋ ಬಂದವು, ಎಲ್ಲ ಎಂಬಿಎ ಓದಿದವರವು. ಒಬ್ಬ ಮ್ಯಾನೇಜರ್ ಹುದ್ದೆಯನ್ನೇ ಕೇಳಿದ್ದ.

"ಇನ್ನು ನನ್ನ ಕುರ್ಚಿ ಕೇಳೋದೊಂದು ಬಾಕಿ, ಅಮ್ಮಣಿ," ಎಂದರು ಚೆನ್ನಿಯಪ್ಪನ್. "ನಿನ್ನ ಫೇಸ್‌ಬುಕ್‌ನಲ್ಲಿ ಹಾಕಿ ನೋಡು. ಸೋಮವಾರಕ್ಕೆ ಸಾಲು ತುಂಬ್ಲಿಲ್ಲ ಅಂದ್ರೆ ನೀನೂ ಮಷೀನಿಗೆ ಕೂರ್ಬೇಕಾಗತ್ತೆ. ನಾನೇನ್ ಮಾಡ್ಲಿ, ಹೇಳು?"

ಅದು ಬೆದರಿಕೆಯಲ್ಲ, ಇದ್ದ ಮಾತು. ಆದರೂ ತುಳಸಿಮಣಿಯ ಕೈ ತಾನಾಗಿಯೇ ಕತ್ತಿನ ಮೇಲೆ ಹೋಯಿತು.

ಅವಳು ಆ ಸಾಲನ್ನು ತಾನೇ ಗುಡಿಸಿದಳು. ಮಷೀನು ಒರೆಸಿ, ಕುರ್ಚಿಗಳನ್ನು ನೇರ ಮಾಡಿ ಫೋಟೊ ತೆಗೆದು, ಟೈಲರುಗಳ ಗುಂಪಿನಲ್ಲಿ ಹಾಕಿದಳು. ಲೈಕುಗಳು ಸುರಿದವು. ಗೇಟಿಗೆ ಮಾತ್ರ ಒಂದು ನರಪಿಳ್ಳೆಯೂ ಬರಲಿಲ್ಲ. ಫೋಟೊದ ಕೆಳಗೆ ಯಾರೋ ಕೇಳಿದ್ದರು: "ಅಕ್ಕಾ, ಕಂಪನಿ ಮುಚ್ತಾ ಇದೀರಾ? ಮಷೀನ್ ಎಷ್ಟಕ್ಕೆ ಕೊಡ್ತೀರಾ?"

ಮೊದಲು ಸಿಟ್ಟು ಬಂತು. ಟೀ ಕುಡಿಯುತ್ತ ಇನ್ನೊಮ್ಮೆ ಓದಿದಾಗ ನಗು ಬಂತು. ಕೆಲಸ ಕೇಳಿಕೊಂಡು ಹೋಗುತ್ತಿದ್ದ ಕಾಲದಲ್ಲಿ ಅವಳೂ ಗೇಟಿನಿಂದಲೇ ಒಳಗೆ ಇಣುಕುತ್ತಿದ್ದಳು. ಮಷೀನಿನ ಪಕ್ಕ ಕತ್ತರಿಸಿದ ಬಟ್ಟೆಯ ಕಟ್ಟುಗಳು ರಾಶಿ ಬಿದ್ದಿದ್ದರೆ ಕೈತುಂಬ ಕೆಲಸ. ನೆಲ ಚೊಕ್ಕಟವಾಗಿದ್ದರೆ ಆರ್ಡರಿಲ್ಲ, ವಾರದ ಸಂಬಳವೂ ಅನುಮಾನ. ಹೊಲಿದ ಪೀಸಿನ ಲೆಕ್ಕದಲ್ಲಿ ದುಡಿಯುವವರು ಮೊದಲು ನೋಡುವುದು ಅದನ್ನೇ. ಅವಳು ಕಸದ ಜೊತೆ ಕೆಲಸವನ್ನೂ ಗುಡಿಸಿಹಾಕಿದ್ದಳು.

ಕಟ್ಟುಗಳನ್ನು ತರಿಸಿ ಪ್ರತಿ ಮಷೀನಿನ ಪಕ್ಕ ಪೇರಿಸಿದಳು. ಕೆಲಸ ನಡೆಯುತ್ತಿದ್ದ ಪಕ್ಕದ ಸಾಲಿನಿಂದ ಹಾರಿಬಂದ ದಾರದ ಚೂರು, ಹತ್ತಿಯ ಧೂಳು ನೆಲದ ಮೇಲೆ ಹಾಗೆಯೇ ಇರಲೆಂದು ಬಿಟ್ಟಳು. ಹೊಸ ಫೋಟೊದ ಕೆಳಗೆ ಬರೆದಳು: "ಶನಿವಾರ ಸಂಬಳ. ಅನುಮಾನ ಇದ್ದರೆ ಬಂದು ನನ್ನನ್ನೇ ಕೇಳಿ. ಇಲ್ಲೇ ಹೊಲಿದವಳು, ತುಳಸಿಮಣಿ."

ಭಾನುವಾರ ಹೆಂಗಸರು ಒಬ್ಬರ ಹಿಂದೊಬ್ಬರು ಬಂದರು. ಬಂದವರೆಲ್ಲ ಮೊದಲು ಕಿಟಕಿಯಲ್ಲಿ ಇಣುಕಿ ಕಟ್ಟುಗಳನ್ನು ನೋಡಿದರು, ಆಮೇಲೆ ಅವಳ ಮುಖವನ್ನು.

"ಶನಿವಾರ ಖಂಡಿತ ಕೊಡ್ತಾರಾ ಅಕ್ಕಾ?"

"ನಂಗೆ ತಪ್ಪದೆ ಕೊಟ್ಟಿದಾರೆ. ಕತ್ತು ನೋವು ಮಾತ್ರ ಪುಕ್ಕಟೆ."

ಸಾಲು ತುಂಬಿತು.

"ಹಾಗಾದ್ರೆ ಆ ವೆಬ್‌ಸೈಟು ದಂಡ ಅನ್ನು," ಎಂದರು ಚೆನ್ನಿಯಪ್ಪನ್.

"ಲೆಕ್ಕ ಬರೆಯೋರು ಬೇಕಾದಾಗ ಅಲ್ಲೇ ಕೇಳಿ ಅಣ್ಣಾ. ಟೈಲರ್ ಬೇಕಂದ್ರೆ ಈ ಫೇಸ್‌ಬುಕ್ ಗುಂಪಲ್ಲಿ. ಇಲ್ಲಿ ಒಬ್ಳು ನೋಡಿದ್ರೆ ತಂಗೀಗೂ ತೋರಿಸ್ತಾಳೆ."

ಸೋಮವಾರ ಆ ಸಾಲಿನ ಮಷೀನುಗಳೆಲ್ಲ ಒಟ್ಟಿಗೆ ಸದ್ದು ಮಾಡಿದವು. ತುಳಸಿಮಣಿ ತನ್ನ ಕೋಣೆಯಲ್ಲಿ ಕತ್ತು ನೇರ ಮಾಡಿ ಕೂತು, ಬೆಲೆ ಕೇಳಿದವನಿಗೆ ಉತ್ತರ ಬರೆದಳು: "ಮಷೀನ್ ಮಾರೋಕಿಲ್ಲ ತಮ್ಮಾ. ಮುಂದೆ ಖಾಲಿಯಾದ್ರೆ, ಕೂತು ಹೊಲಿಯೋಕೆ ಕರೀತೀನಿ."