ಐದು ತಾಲೂಕಿನ ಪುನಶ್ಚೇತನ

ಸರ್ಕಾರಿ ಕಾಗದದಲ್ಲಿ ಅದರ ಹೆಸರು ‘ಪುನಶ್ಚೇತನ ತರಬೇತಿ’. ಆ ಹೆಸರಿಟ್ಟವರು ಬೇಸಿಗೆಯಲ್ಲಿ ಹಗರಿಬೊಮ್ಮನಹಳ್ಳಿಗೆ ಬಂದು, ಊಟವಾದ ಮೇಲೆ ತಗಡಿನ ಮಾಡಿನ ಕೆಳಗೆ ಒಂದು ತಾಸು ಕುಳಿತು ನೋಡಿರಲಿಕ್ಕಿಲ್ಲ. ಕರೆಂಟು ಹೋಗಿರುತ್ತಿತ್ತು. ಅನ್ನ, ಸಾರು, ಗೋಧಿ ಹುಗ್ಗಿ ಉಂಡ ಡಾಕ್ಟರುಗಳು, ನರ್ಸುಗಳು, ಹಳ್ಳಿ ಹಳ್ಳಿಯ ಆರೋಗ್ಯ ಸಹಾಯಕಿಯರು ಕೈಯಲ್ಲಿದ್ದ ಟಿಪ್ಪಣಿ ಹಾಳೆಯನ್ನೇ ಬೀಸಣಿಗೆ ಮಾಡಿಕೊಂಡು ನನ್ನ ಮುಖ ನೋಡುತ್ತಿದ್ದರು. ನಾನು ‘ಮಾನಸಿಕ ಕಾಯಿಲೆ ಎಂದರೇನು’ ಎಂದು ಶುರುಮಾಡುತ್ತಿದ್ದೆ. ಅದರ ಹಿಂದಿನ ವರ್ಷವೂ ಅಲ್ಲಿಂದಲೇ ಶುರುಮಾಡಿದ್ದೆ.

ಆಗ ನಮ್ಮ ಬಳ್ಳಾರಿ ಜಿಲ್ಲೆಗೆಲ್ಲ ಸೇರಿ ಒಬ್ಬರೇ ಮನೋವೈದ್ಯರು. ಅವರೊಬ್ಬರೇ ಎಷ್ಟು ಜನರನ್ನು ನೋಡಿಯಾರು? ಅದಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೂ ಸಿಬ್ಬಂದಿಗೂ ಮನಸ್ಸಿನ ಕಾಯಿಲೆ ಗುರುತಿಸುವುದನ್ನು, ಮೊದಲ ಮಾತ್ರೆ ಕೊಡುವುದನ್ನು ಕಲಿಸಬೇಕು, ಕಲಿತದ್ದು ಮರೆಯದಂತೆ ವರ್ಷಕ್ಕೊಮ್ಮೆ ಮತ್ತೆ ಕರೆದು ತಿದ್ದಬೇಕು ಎಂದು ಯೋಜನೆ. ನಾನು ಆ ತಂಡದ ಸಮಾಜ ಕಾರ್ಯಕರ್ತೆ. ತೊಂಬತ್ತರ ದಶಕದ ಆರಂಭದಲ್ಲಿ, ಧಾರವಾಡದಲ್ಲಿ ಓದು ಮುಗಿಸಿದ ಹುರುಪಿನಲ್ಲೇ ಸೇರಿಕೊಂಡೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಜಿಲ್ಲೆಯ ಈ ಪಡುವಣ ಭಾಗ ನಮ್ಮ ಪಾಲಿಗೆ ಬಂತು. ಜನ ಎಲ್ಲವನ್ನೂ ‘ಐದು ತಾಲೂಕು’ ಎಂದೇ ಕರೆಯುತ್ತಿದ್ದರು. ಕೊಟ್ಟೂರು ಆಗಿನ್ನೂ ತಾಲೂಕಲ್ಲ ಎಂದು ತಿದ್ದಲು ಯಾರಿಗೂ ಪುರಸತ್ತಿರಲಿಲ್ಲ.

ಹುರುಪು ಇಳಿಯಲು ಹೆಚ್ಚು ಕಾಲ ಬೇಕಾಗಲಿಲ್ಲ. ಒಂದು ವರ್ಷ ಕಷ್ಟಪಟ್ಟು ಒಬ್ಬ ಡಾಕ್ಟರಿಗೆ ಕಲಿಸಿದರೆ ಮುಂದಿನ ವರ್ಷ ಅವರಿಗೆ ವರ್ಗವಾಗಿರುತ್ತಿತ್ತು. ಅವರ ಕುರ್ಚಿಯಲ್ಲಿ ಹೊಸ ಮುಖ. ತರಬೇತಿಯ ದಿನವೇ ಪೋಲಿಯೋ ಹನಿಯೋ, ಕುಟುಂಬ ಯೋಜನೆಯ ಶಿಬಿರವೋ ಬಿದ್ದರೆ ಅರ್ಧ ಕುರ್ಚಿ ಖಾಲಿ. ಬಂದವರಲ್ಲೂ ಹಲವರು ಸಹಿ ಹಾಕಿ, ಸಂಜೆಯ ಬಸ್ಸಿನ ಹೊತ್ತನ್ನು ಲೆಕ್ಕ ಹಾಕುತ್ತ ಕೂರುವವರು. ಅವರನ್ನೂ ಬಯ್ಯುವಂತಿರಲಿಲ್ಲ. ಬೆಳಗಿನ ಜಾವ ಹೆರಿಗೆ ಮಾಡಿಸಿ, ಮುಖ ತೊಳೆದು, ಹೊಳಲಿನ ಕಡೆಯಿಂದ ಬಸ್ಸಿನಲ್ಲಿ ನಿಂತೇ ಬಂದ ಹೆಣ್ಣುಮಗಳಿಗೆ ಚಿತ್ತವಿಕಲತೆಯ ಲಕ್ಷಣಗಳು ಎಷ್ಟು ತಲೆಗೆ ಹತ್ತಿಯಾವು?

ನಮ್ಮ ಮನೋವೈದ್ಯರು ಮೈಸೂರು ಕಡೆಯವರು. ಹೆಂಡತಿ ಅಲ್ಲಿ ಶಾಲೆಯಲ್ಲಿ ಮೇಡಂ, ಮಗಳ ಓದೂ ಅಲ್ಲೇ. ಇವರು ಬಳ್ಳಾರಿಯ ಕ್ವಾರ್ಟರ್ಸಿನಲ್ಲಿ ಒಬ್ಬರೇ. ಎಲ್ಲರಿಗೂ ಅವರು ‘ಸರ್’. ಪಾಠ ಮಾಡಿದರೆ ನಿದ್ದೆ ಬಂದವರೂ ಎದ್ದು ಕೂರಬೇಕು, ಹಾಗೆ ಮಾಡುತ್ತಿದ್ದರು. ಪ್ರೊಜೆಕ್ಟರಿನ ಹಾಳೆಗಳನ್ನು ನನ್ನ ಕೈಗೆ ಕೊಟ್ಟು ತಾವು ಬರಿಗೈಯಲ್ಲಿ ನಿಲ್ಲುವರು. ಯಾರಾದರೊಬ್ಬರನ್ನು ಮುಂದೆ ಕರೆದು ‘ನೀವು ರೋಗಿ’ ಎನ್ನುವರು, ಇನ್ನೊಬ್ಬರನ್ನು ಕರೆದು ‘ನೀವು ಡಾಕ್ಟರು, ಮಾತಾಡಿಸಿ’ ಎನ್ನುವರು. ಮಾತಾಡಿಸಲು ಬಂದವರೆಲ್ಲ ನಿದ್ದೆ, ಊಟ, ಕೆಲಸದ ಆಸಕ್ತಿ ಇವನ್ನೆಲ್ಲ ಕೇಳಿ ಕೊನೆಯ ಪ್ರಶ್ನೆಗೆ ಬಂದಾಗ ತಡವರಿಸುತ್ತಿದ್ದರು. ಸಾಯಬೇಕು ಎಂದು ಅನಿಸುತ್ತದೆಯೇ ಎಂಬ ಪ್ರಶ್ನೆ ಅದು. ‘ಹೆಂಗ ಕೇಳೂದ್ರಿ ಸರ? ಅಪಶಕುನ’ ಎನ್ನುವರು. ಸರ್ ಬಿಡುತ್ತಿರಲಿಲ್ಲ. ‘ಕೇಳಿದ್ರೆ ಯಾರೂ ಸಾಯಲ್ಲ. ಕೇಳದೇ ಇದ್ದದ್ದಕ್ಕೆ ಹೋಗಿದಾರೆ. ಬಾಯಿಬಿಟ್ಟು ಕೇಳಿ’ ಎಂದು ಆ ಪ್ರಶ್ನೆ ಬಾಯಿಂದ ಬರುವವರೆಗೂ ನಿಲ್ಲಿಸಿಕೊಳ್ಳುತ್ತಿದ್ದರು.

ಹಡಗಲಿಯಲ್ಲಿ ಒಮ್ಮೆ ತಲೆತುಂಬ ಮಲ್ಲಿಗೆ ಮುಡಿದ ನರ್ಸೊಬ್ಬಳು ರೋಗಿಯ ಪಾತ್ರಕ್ಕೆ ಬಂದಳು. ‘ಏನಾಗ್ತೈತವ್ವ’ ಎಂದು ಕೇಳಿದ್ದಕ್ಕೆ, ‘ಏಳಾಕ ಬ್ಯಾಸರ, ಒಲಿ ಹಚ್ಚಾಕ ಬ್ಯಾಸರ, ಯಾರಾರ ಮಾತಾಡ್ಸಿದ್ರ ಸಿಟ್ಟು ಬರ್ತೈತ್ರಿ’ ಎಂದು ಹೇಳುತ್ತ ಹೋದಳು. ಎಷ್ಟು ಚಂದ ಮಾಡಿದೆ ಎಂದು ಎಲ್ಲರೂ ಚಪ್ಪಾಳೆ ತಟ್ಟಿದರೆ, ‘ನಾಟಕ ಅಲ್ರೀ ಇದು, ನಾನು ದಿನಾ ಹಿಂಗ ಅದೀನಿ’ ಎಂದು ನಕ್ಕಳು. ಸಭೆಯೂ ನಕ್ಕಿತು. ಸರ್ ಮಾತ್ರ ನಗಲಿಲ್ಲ. ಚಹಾದ ಹೊತ್ತಿಗೆ ಅವಳನ್ನು ಬೇವಿನ ಮರದ ಕೆಳಗೆ ಕೂರಿಸಿಕೊಂಡು ಬಹಳ ಹೊತ್ತು ಮಾತಾಡಿದರು. ಅವರು ಅಂಥವರು.

ಅದಾದ ಮುಂದಿನ ಬೇಸಿಗೆಯಲ್ಲಿ ಸರ್ ಬದಲಾಗುತ್ತಿರುವುದು ನನಗೆ ಕಂಡಿತು. ಜೀಪಿನಲ್ಲಿ ಕೂಡ್ಲಿಗಿ ದಾಟುವವರೆಗೆ ಏನಾದರೊಂದು ತಮಾಷೆ ಹೇಳುತ್ತಿದ್ದವರು ಕಿಟಕಿಯ ಕಡೆ ಮುಖ ಮಾಡಿ ಕೂರತೊಡಗಿದರು. ಕೊಟ್ಟೂರಿನಲ್ಲಿ ಜೀಪು ನಿಲ್ಲಿಸಿ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿನ್ನದೆ ಮುಂದೆ ಹೋದವರಲ್ಲ. ಈಗ ತಟ್ಟೆ ಮುಂದಿಟ್ಟುಕೊಂಡು ಹಾಗೇ ಬಿಟ್ಟು ಏಳುವರು. ಶೇವ್ ಮಾಡಿಕೊಳ್ಳದೆ ಬರುವರು. ಮಧ್ಯಾಹ್ನದ ಪಾಠ ನೀನೇ ಮಾಡಮ್ಮ ಎನ್ನುವರು. ‘ಸರ್, ಹುಷಾರಿಲ್ವಾ?’ ಎಂದು ಎರಡು ಮೂರು ಸಲ ಕೇಳಿದೆ. ‘ಬಿಸಿಲು ಕಣಮ್ಮ. ನಿಮ್ಮೂರ ಬಿಸಿಲು ನನಗೆ ಇನ್ನೂ ಅಭ್ಯಾಸ ಆಗಿಲ್ಲ’ ಎಂದರು. ಹತ್ತಾರು ಬೇಸಿಗೆಯನ್ನು ಇಲ್ಲೇ ಕಳೆದವರು ಅವರು.

ಹರಪನಹಳ್ಳಿ ಆಗಿನ್ನೂ ನಮ್ಮ ಜಿಲ್ಲೆಯಲ್ಲೇ ಇತ್ತು. ಅಲ್ಲಿ ಸುತ್ತಲಿನ ಎಲ್ಲರನ್ನೂ ಕೂಡಿಸಿ ಒಂದು ತರಬೇತಿ ಏರ್ಪಾಡಾಯಿತು. ಕೊಟ್ಟೂರು ಕಡೆಯ ಒಬ್ಬ ಡಾಕ್ಟರೂ ಬಂದಿದ್ದರು. ದಪ್ಪ ಮೀಸೆ, ದಪ್ಪ ಶರೀರ. ನಮ್ಮ ಯಾವ ತರಬೇತಿಯನ್ನೂ ತಪ್ಪಿಸಿದವರಲ್ಲ, ಯಾವುದರಲ್ಲೂ ಎಚ್ಚರವಿದ್ದವರಲ್ಲ. ಹಿಂದಿನ ಸಾಲಿನ ಮೂಲೆಯ ಕುರ್ಚಿ ಹಿಡಿದು, ಗೋಡೆಗೆ ತಲೆ ಆನಿಸಿ ನಿದ್ದೆ ಹೋಗುವರು. ಒಮ್ಮೊಮ್ಮೆ ಗೊರಕೆಯೂ ಕೇಳುತ್ತಿತ್ತು. ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ.

ಆ ದಿನದ ವಿಷಯ ಖಿನ್ನತೆ. ಸರ್ ಎದ್ದು ನಿಂತರು. ‘ಈ ಕಾಯಿಲೆ ಬಂದವರು ಅಳ್ತಾರೆ ಅಂತ ನಾವು ತಿಳ್ಕೊಂಡಿರ್ತೀವಿ. ಎಷ್ಟೋ ಜನ ಅಳೋದಿಲ್ಲ. ಅವರಿಗೆ...’ ಎಂದು ಅಲ್ಲಿಗೇ ನಿಂತರು. ಮಾತು ಹುಡುಕುತ್ತಿದ್ದಾರೆ ಎಂದುಕೊಂಡೆ. ಹೊರಗೆ ಬಸ್ಸೊಂದು ಹಾರ್ನ್ ಹಾಕುತ್ತ ಹೋಯಿತು. ಸರ್ ಹಾಗೇ ನಿಂತಿದ್ದರು. ಆಮೇಲೆ ಮೆಲ್ಲಗೆ, ‘ಮುಂದಿನದು ನನಗೆ ಗೊತ್ತಿದೆ. ಹೇಳೋಕೆ ಆಗ್ತಾ ಇಲ್ಲ’ ಎಂದು ಮೇಜಿನ ಪಕ್ಕದ ಕುರ್ಚಿಯಲ್ಲಿ ಕುಳಿತುಬಿಟ್ಟರು.

ಯಾರೋ ನೀರು ತಂದರು. ಯಾರೋ ಬಿ.ಪಿ. ಇರಬೇಕು ಎಂದರು. ನಾನು ಅವರ ಹತ್ತಿರ ಹೋಗಿ ನಿಂತೆನೇ ಹೊರತು ಏನು ಮಾಡಬೇಕೆಂದು ತಿಳಿಯಲಿಲ್ಲ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಕೊಟ್ಟೂರಿನ ಡಾಕ್ಟರು ಎದ್ದು ಬಂದರು. ‘ಎಲ್ರೂ ಒಂದ್ ಕಪ್ ಚಾ ಕುಡುದು ಬರ್ರಿ. ಹೋಗ್ರಿ, ಹೋಗ್ರಿ’ ಎಂದು ಸಭೆಯನ್ನು ಹೊರಗೆ ಕಳಿಸಿದರು. ಬಾಗಿಲು ಮುಂದೆ ಮಾಡಿ, ಇನ್ನೊಂದು ಕುರ್ಚಿ ಎಳೆದುಕೊಂಡು ಸರ್ ಪಕ್ಕದಲ್ಲಿ ಕುಳಿತರು. ನಾನು ಹೊರಡಲು ನೋಡಿದೆ. ಸರ್ ಕೈಸನ್ನೆಯಲ್ಲೇ ಇರು ಎಂದರು.

‘ನಿದ್ದಿ ಬರ್ತೈತೇನ್ರಿ ಸರ?’

‘ಇಲ್ಲ.’

‘ಊಟ ಸೇರ್ತೈತೇನು?’

ಸರ್ ಇಲ್ಲವೆಂದು ತಲೆಯಾಡಿಸಿದರು. ಡಾಕ್ಟರು ಅವಸರ ಮಾಡಲಿಲ್ಲ. ಕೆಲಸದ ಬಗ್ಗೆ ಕೇಳಿದರು, ಮನೆಯ ಬಗ್ಗೆ ಕೇಳಿದರು. ಆಮೇಲೆ ಸ್ವಲ್ಪವೂ ದನಿ ತಗ್ಗಿಸದೆ, ಜ್ವರ ಎಷ್ಟು ದಿನದಿಂದ ಎಂದು ಕೇಳಿದಷ್ಟೇ ಸಹಜವಾಗಿ ಕೇಳಿದರು: ‘ಸಾಯಬೇಕು ಅನಸ್ತೈತೇನ್ರಿ?’

ಸರ್ ತಮ್ಮ ಅಂಗೈ ನೋಡಿಕೊಂಡರು.

‘ಅನಿಸಿದೆ,’ ಎಂದರು.

‘ಹೇಳಿದ್ದು ಚಲೋ ಆತು ಬಿಡ್ರಿ,’ ಎಂದರು ಡಾಕ್ಟರು. ‘ಈಗ ನಿಮ್ಮನ್ನ ಒಬ್ರನ್ನ ಬಿಡಂಗಿಲ್ಲ ನಾನು. ದಾವಣಗೆರಿಯೊಳಗ ನನ್ನ ಜೊತಿ ಓದಿದಾವ ಅದಾನ. ಮನಸಿನ ಡಾಕ್ಟ್ರ. ಅವನ ತಾವ ಹೋಗಾನು.’

‘ಅವರು ನನಗೆ ಗುರುತಿನವರು ಕಣ್ರಿ. ಹೇಗೆ ಹೋಗ್ಲಿ?’

‘ಗುರುತಿನಾವ ಇದ್ರ ಇನ್ನೂ ಚಲೋ ಆತಲ್ರಿ. ಏಳ್ರಿ.’

ಸರ್ ಎದ್ದರು. ಮಗುವಿನಂತೆ ಎದ್ದರು ಎಂದು ಬರೆಯಬೇಕೆನಿಸುತ್ತದೆ. ಆದರೆ ನಿಜಕ್ಕೂ ಬಹಳ ದೂರ ನಡೆದು ಬಂದ ಮನುಷ್ಯ ಮತ್ತೆ ಏಳುವಂತೆ, ಮೇಜಿಗೆ ಕೈ ಊರಿ ಎದ್ದರು. ಡಾಕ್ಟರು ತಮ್ಮ ಕಾರಿನಲ್ಲೇ ಅವರನ್ನು ಕರೆದುಕೊಂಡು ಹೋದರು.

ನಾನು ಬಸ್‌ಸ್ಟ್ಯಾಂಡ್ ಎದುರಿನ ಎಸ್‌ಟಿಡಿ ಬೂತಿಗೆ ಹೋಗಿ ಮೈಸೂರಿಗೆ ಫೋನ್ ಮಾಡಿದೆ. ಸರ್ ಹೆಂಡತಿಯನ್ನು ನಾನು ಒಮ್ಮೆ ಮಾತ್ರ ನೋಡಿದ್ದೆ. ಯಾರು, ಎಲ್ಲಿಂದ ಎಂದು ಹೇಳಿ, ಸರ್‌ಗೆ ಹುಷಾರಿಲ್ಲ ಎಂದೆ.

‘ಏನಾಯ್ತು? ಎದೆನೋವಾ?’

‘ಅಲ್ಲಮ್ಮ. ಮನಸ್ಸಿಗೆ ಹುಷಾರಿಲ್ಲ.’

‘ಎಷ್ಟೋ ದಿನದಿಂದ ಫೋನಲ್ಲಿ ಹೂಂ, ಊಹೂಂ ಅಷ್ಟೇ. ನನ್ನ ಮೇಲೆ ಕೋಪ ಅಂದ್ಕೊಂಡಿದ್ದೆ ಕಣ್ರಿ,’ ಎಂದರು. ‘ಅವರನ್ನ ನೋಡ್ಕೊಳ್ಳಿ. ಈಗಲೇ ಹೊರಡ್ತೀನಿ.’

ಹಿಂದಕ್ಕೆ ಬಂದರೆ ಸಭೆ ಕಾಯುತ್ತಿತ್ತು. ಅರ್ಧಕ್ಕೆ ನಿಂತ ಪಾಠವನ್ನು ಯಾರಾದರೂ ಮುಗಿಸಬೇಕಲ್ಲ. ಪ್ರೊಜೆಕ್ಟರಿನ ಮೇಲೆ ಹಾಳೆ ಇಟ್ಟು ಓದಿದೆ: ನಿದ್ರಾಹೀನತೆ, ಹಸಿವಿಲ್ಲದಿರುವುದು, ನಿರಾಸಕ್ತಿ, ದಣಿವು. ವರ್ಷಗಟ್ಟಲೆ ಓದಿದ್ದ ಪದಗಳೇ. ಆ ದಿನ ಒಂದೊಂದು ಪದವೂ ಬಾಯಲ್ಲಿ ಕಲ್ಲಿನ ಹಾಗೆ ಹೊರಳಿತು. ಯಾರೂ ನಿದ್ದೆ ಮಾಡಲಿಲ್ಲ, ಯಾರೂ ಗಡಿಯಾರ ನೋಡಲಿಲ್ಲ. ಅದೇ ತಾಲೂಕಿನ ಅರಸೀಕೆರೆ ಕಡೆಯ ಆರೋಗ್ಯ ಸಹಾಯಕಿಯೊಬ್ಬರು ಮಾತ್ರ ಕೊನೆಗೆ ಎದ್ದು, ‘ಸಾಹೇಬ್ರು ಆರಾಮ ಆಕ್ಕಾರಲ್ರಿ ಮೇಡಂ?’ ಎಂದರು. ‘ಆಗ್ತಾರೆ’ ಎಂದೆ. ನನಗೇನೂ ಅಷ್ಟು ಖಾತ್ರಿ ಇರಲಿಲ್ಲ.

ಸುದ್ದಿ ನಮ್ಮ ಜೀಪಿಗಿಂತ ಮುಂದೆ ಓಡಿತು. ಕೂಡ್ಲಿಗಿಯ ಹೋಟೆಲೊಂದರಲ್ಲಿ ನಾನು ಚಹಾ ಕುಡಿಯುತ್ತಿದ್ದಾಗ ಹಿಂದಿನ ಬೆಂಚಿನವರು, ‘ಹುಚ್ಚರ ಡಾಕ್ಟರಿಗೇ ಹುಚ್ಚು ಹಿಡದೈತಂತ ಲೇ’ ಎಂದು ನಗುವುದು ಕಿವಿಗೆ ಬಿತ್ತು. ಎದ್ದು ಜಗಳ ಮಾಡುವಷ್ಟು ಸಿಟ್ಟು ಬಂತು, ಆದರೆ ಏಳುವಷ್ಟು ತ್ರಾಣ ಇರಲಿಲ್ಲ. ಅಲ್ಲಿಯ ತರಬೇತಿಯಲ್ಲೇ ಹೊಸ ಡಾಕ್ಟರೊಬ್ಬ ನೇರವಾಗಿ ಕೇಳಿದ: ‘ಕಲಸೋರಿಗೇ ಈ ರೋಗ ಬಂದ್ರ, ಕಲ್ತು ಏನ್ ಉಪಯೋಗ್ರೀ?’ ನಾನು ಬಾಯಿ ತೆರೆಯುವ ಮೊದಲೇ ವಯಸ್ಸಾದ ನರ್ಸೊಬ್ಬರು, ‘ಸೂಲಗಿತ್ತಿಗೂ ಬ್ಯಾನಿ ತಪ್ಪಂಗಿಲ್ಲ ತಮ್ಮಾ, ಸುಮ್ನ ಕೂತ್ಕ’ ಎಂದರು. ಎಲ್ಲರೂ ನಕ್ಕರು, ಅವನೂ ನಕ್ಕ. ನನಗೂ ಬಹಳ ದಿನದ ಮೇಲೆ ನಗು ಬಂತು.

ಸರ್‌ಗೆ ಖಿನ್ನತೆ ಯಾಕೆ ಬಂತು ಎಂದು ಮಾತ್ರ ಎಲ್ಲರೂ ಕೇಳಿದರು. ಒಂಟಿತನವೇ, ಕೆಲಸವೇ, ಮನೆಯಲ್ಲಿ ಏನಾದರೂ ಇತ್ತೇ? ಕಾಯಿಲೆಗೆ ಒಂದೇ ಕಾರಣ ಹುಡುಕಬೇಡಿ ಎಂದು ಸರ್ ಅವರೇ ಕಲಿಸುತ್ತಿದ್ದರು. ನಾನು ಹುಡುಕಲಿಲ್ಲ.

ಸರ್ ಮಳೆಗಾಲ ಮುಗಿಯುವವರೆಗೆ ಮೈಸೂರಿನಲ್ಲಿದ್ದರು. ಮಾತ್ರೆ ತೆಗೆದುಕೊಂಡರು. ಹೆಂಡತಿ ಸಂಬಳವಿಲ್ಲದ ರಜೆ ಹಾಕಿ ಜೊತೆಗಿದ್ದರು. ಕೊಟ್ಟೂರಿನ ಡಾಕ್ಟರು ವಾರ ವಾರ ಅವರಿಗೆ ಫೋನ್ ಮಾಡುತ್ತಿದ್ದರೆಂದು ನನಗೆ ಆಮೇಲೆ ತಿಳಿಯಿತು. ಆ ಡಾಕ್ಟರೊಂದಿಗೆ ನನಗೆ ಸಲಿಗೆ ಬೆಳೆಯಿತು. ‘ಅಷ್ಟು ವರ್ಷ ನಿದ್ದೆ ಮಾಡಿ ಹೇಗೆ ಕಲಿತ್ರಿ?’ ಎಂದು ಒಮ್ಮೆ ಕೇಳಿಯೇಬಿಟ್ಟೆ. ‘ಕಣ್ಣು ಮುಚ್ಚಿದ್ದೆ ತಾಯಿ, ಕಿವಿ ಮುಚ್ಚಿದ್ದಿಲ್ಲ. ಮತ್ತ ಸರ ಒಂದ ಮಾತು ಎಷ್ಟ ವರ್ಷ ಹೇಳಿದ್ರು!’ ಎಂದರು. ಪ್ರತಿ ವರ್ಷ ಅದನ್ನೇ ಹೇಳುವುದು ದಂಡ ಎಂದು ಜೀಪಿನಲ್ಲಿ ಗೊಣಗುತ್ತಿದ್ದವಳು ನಾನು. ಆಮೇಲೂ ಗೊಣಗಿದೆ, ಆದರೆ ಸ್ವಲ್ಪ ಕಡಿಮೆ.

ಸರ್ ಹಿಂದಿರುಗಿ ಬಂದರು. ತೆಳ್ಳಗಾಗಿದ್ದರು, ಆದರೆ ತಿನ್ನುತ್ತಿದ್ದರು, ಮಾತಾಡುತ್ತಿದ್ದರು. ರೋಗಿಗಳನ್ನು ಮೊದಲಿನಂತೆಯೇ ನೋಡಿದರು. ತರಬೇತಿಗೆ ಮಾತ್ರ ಮತ್ತೆ ಬರಲಿಲ್ಲ. ‘ಒಂದೇ ಒಂದು ಸಲ ಬನ್ನಿ ಸರ್. ನಿಮಗೇನಾಯಿತು ಅಂತ ನೀವೇ ಹೇಳಿದರೆ ಅದಕ್ಕಿಂತ ದೊಡ್ಡ ಪಾಠ ಇರುತ್ತಾ?’ ಎಂದು ಕೇಳಿದೆ.

‘ಬೇಡಮ್ಮ. ಹಳ್ಳಿಯಿಂದ ನನ್ನ ನಂಬಿ ಬರ್ತಾರೆ. ಅವರಿಗೆ ನಾನು ಗಟ್ಟಿಯಾಗಿ ಕಾಣ್ಬೇಕು.’

ನನಗೆ ಆ ಮಾತು ಒಪ್ಪಿಗೆಯಾಗಲಿಲ್ಲ. ವಾದಿಸಲೂ ಇಲ್ಲ. ಅದು ಅವರ ಕಾಯಿಲೆ, ಹೇಳುವುದೂ ಬಿಡುವುದೂ ಅವರದು. ಸ್ವಲ್ಪ ಕಾಲಕ್ಕೆ ಮೈಸೂರಿಗೆ ವರ್ಗ ಕೇಳಿ ತೆಗೆದುಕೊಂಡು ಹೋದರು.

ಆಮೇಲೆ ಹರಪನಹಳ್ಳಿ ದಾವಣಗೆರೆ ಜಿಲ್ಲೆಗೆ ಹೋಯಿತು, ನಮ್ಮ ಓಡಾಟ ಅಷ್ಟು ಕಡಿಮೆಯಾಯಿತು. ಹೊಸ ಮನೋವೈದ್ಯರು ಬಂದರು, ಹೋದರು. ಪ್ರೊಜೆಕ್ಟರ್ ಹಾಳೆಗಳ ಬದಲು ಕಂಪ್ಯೂಟರ್ ಬಂತು. ನಾನು ಪಾಠ ಮಾಡುತ್ತಲೇ ಇದ್ದೆ. ನನ್ನ ದನಿ ನನಗೇ ಬೇಸರವಾದ ದಿನಗಳು ಬೇಕಾದಷ್ಟಿದ್ದವು.

ಎರಡು ಸಾವಿರದ ಇಸವಿ ದಾಟಿ ಹದಿನೈದು ವರ್ಷಗಳಾಗಿರಬೇಕು, ಕಲಿಸುವವರಿಗೇ ಒಂದು ತರಬೇತಿ ಎಂದು ನಮ್ಮನ್ನೆಲ್ಲ ಬೆಂಗಳೂರಿಗೆ ಕರೆಸಿದರು. ಈ ಸಲ ನಾನು ಕೆಳಗಿನ ಕುರ್ಚಿಯಲ್ಲಿ. ನನ್ನ ಅರ್ಧ ವಯಸ್ಸಿನ ಹುಡುಗಿಯೊಬ್ಬಳು ಪರದೆಯ ಮೇಲೆ ‘ಆರೈಕೆ ಮಾಡುವವರ ದಣಿವು’ ಎಂದು ಬರೆದು ತೋರಿಸಿ, ಇದು ಹೊಸ ವಿಷಯ, ನಿಮ್ಮಲ್ಲಿ ಯಾರಿಗಾದರೂ ಅನುಭವ ಇದೆಯೇ ಎಂದಳು. ಊಟದ ಹೊತ್ತಾಗಿತ್ತು. ಅವಳು ಮುಂದಿನ ಪುಟಕ್ಕೆ ಹೋಗುವಷ್ಟರಲ್ಲಿ ನಾನು ಕೈಯೆತ್ತಿದೆ. ‘ನಮ್ಮ ಹಿರಿಯರೊಬ್ಬರಿದ್ದರು’ ಎಂದು ಶುರುಮಾಡಿ, ಹೆಸರು, ಊರು ಯಾವುದನ್ನೂ ಎತ್ತದೆ ನಡೆದದ್ದನ್ನು ಹೇಳಿದೆ. ನನ್ನದೂ ಒಂದಿಷ್ಟು ಸೇರಿಸಿದೆ. ಎಷ್ಟೋ ಬೆಳಗ್ಗೆ ಜೀಪು ಹತ್ತುವ ಮೊದಲು ನನಗೂ ಅಳು ಬರುತ್ತಿದ್ದದ್ದನ್ನು ಅದಕ್ಕೂ ಮೊದಲು ಯಾರಿಗೂ ಹೇಳಿರಲಿಲ್ಲ.

‘ಅವರು ಈಗ ಹೇಗಿದ್ದಾರೆ ಮೇಡಂ?’ ಎಂದು ಹುಡುಗಿ ಕೇಳಿದಳು.

‘ಚೆನ್ನಾಗಿದ್ದಾರೆ. ನಿವೃತ್ತಿಯಾಗಿದೆ. ಮೊಮ್ಮಗಳನ್ನು ಶಾಲೆಗೆ ಬಿಟ್ಟು ಬರ್ತಾರೆ.’

‘ನೀವು?’

ಅದನ್ನು ಕೇಳುತ್ತಾಳೆ ಎಂದು ನಾನು ಎಣಿಸಿರಲಿಲ್ಲ. ದಣಿದಿದ್ದೇನೆ ಎಂದೆ. ಅಷ್ಟೇ ಹೇಳಲು ಬಂತು. ಸುತ್ತಲಿನವರು ಕುರ್ಚಿ ಸರಿಸಿ ಊಟಕ್ಕೆ ಹೊರಟರು. ಅವಳು ಮೈಕು ಕೆಳಗಿಟ್ಟು ನನ್ನ ಪಕ್ಕದ ಖಾಲಿ ಕುರ್ಚಿಗೆ ಬಂದು ಕುಳಿತಳು.