ಕಿಲಾರಿ ತೋರಿಸಿದ ದಾರಿ

ದೇವರ ಎತ್ತು ಮೇಯಿಸುವ ಕಿಲಾರಿ ಬೋರಣ್ಣನ ಆಯಸ್ಸೆಲ್ಲ ಮೊಳಕಾಲ್ಮೂರಿನ ಬೆಟ್ಟದ ಕಾಡಿನಲ್ಲೇ ಸವೆದಿತ್ತು. ಅವನ ಕುಲದವರು ಕೋಳಿ ಮುಟ್ಟುವುದಿಲ್ಲ. ದೇವರ ಎತ್ತು ಕುಡಿಯುವ ನೀರಿಗೆ ಕೋಳಿಯ ಪುಕ್ಕವೂ ಸೋಕಬಾರದು. ಬೆಳಗ್ಗೆ ಚಳ್ಳಕೆರೆಯ ಗೆಳೆಯರ ಗುಂಪೊಂದು ಜಲಪಾತದ ದಾರಿ ಕೇಳಿದಾಗ, "ಸಲೀಸು ಐತೆ ಕಣ್ರಪ್ಪ, ಮಕ್ಕಳೂ ಹತ್ತುತಾವೆ" ಎಂದು ತಾನೇ ಕೈಮಾಡಿ ತೋರಿಸಿದ್ದ.

ಮಧ್ಯಾಹ್ನ ಎತ್ತುಗಳನ್ನು ನೀರಿಗೆ ಹೊಡೆದುಕೊಂಡು ಹೋದರೆ, ಜಲಪಾತದ ಮಡುವಿನ ತುಂಬ ಕೋಳಿಪುಕ್ಕ ತೇಲುತ್ತಿತ್ತು. ಯಾರನ್ನು ಬಯ್ಯುವುದು? ದಾರಿ ತೋರಿಸಿದ ತನ್ನ ಕೈಯನ್ನೇ?

"ಬರ್ರಿ ಅಣ್ಣ, ದಾರಿ ತೋರಿಸಿದೋರು ನೀವು, ಮೊದಲ ತುತ್ತು ನಿಮ್ದೇ" ಎಂದು ದಡದಲ್ಲಿ ಒಲೆ ಹೂಡಿ ಕೂತಿದ್ದ ಗುಂಪಿನವನೊಬ್ಬ ಪ್ರೀತಿಯಿಂದ ಕೋಳಿಸಾರಿನ ತಟ್ಟೆ ಚಾಚಿದ. ಬೋರಣ್ಣ ತಟ್ಟೆ ಮುಟ್ಟದೆ ಹಿಂದೆ ಸರಿದ. ಕೋಲು ಅಡ್ಡ ಹಿಡಿದು ತಿರುಗುವಷ್ಟರಲ್ಲಿ, ಬಾಯಾರಿದ ಎತ್ತುಗಳು ಅವನನ್ನು ದಾಟಿ ಮಡುವಿಗೆ ಮೂತಿ ಇಟ್ಟಿದ್ದವು.