ಏಳನೆಯ ಬೋರಿನ ಮೂವತ್ತಾರು ಪೆಟ್ಟಿಗೆ

ಬಾಲಾನಗರದ ಕಾರ್ಖಾನೆಗಳ ಹಿಂದೆ ತಗಡಿನ ಚಾವಣಿಯ ಒಂದು ಉದ್ದನೆಯ ಗೋದಾಮಿದೆ. ಹೊರಗಿನವರಿಗೆ ಅದು ಕಲ್ಲು ತುಂಬಿದ ಗೋದಾಮು, ರೇಣುಕಾಗೆ ಮಾತ್ರ ಇಪ್ಪತ್ತೆರಡು ವರ್ಷದ ಸಂಸಾರ. ಅದಿರು ಹುಡುಕಲು ಸರ್ಕಾರ ಕೊರೆಸಿದ ಬೋರುಗಳಿಂದ ಹೊರತೆಗೆದ ಕಲ್ಲಿನ ಕೋಲುಗಳು ಅಲ್ಲಿನ ಪೆಟ್ಟಿಗೆಗಳಲ್ಲಿ ಸಾಲಾಗಿ ಮಲಗಿವೆ. ಲಟ್ಟಣಿಗೆಯಷ್ಟು ದಪ್ಪದ ಆ ಕೋಲುಗಳ ಧೂಳು ಒರೆಸುವುದು, ಪೆಟ್ಟಿಗೆಯ ಮೇಲೆ ನಂಬರು ಮಾಸಿದರೆ ಮತ್ತೆ ಬರೆಯುವುದು, ಕೇಳಿದವರಿಗೆ ತೆಗೆದು ತೋರಿಸುವುದು, ಇಷ್ಟೇ ಅವಳ ನೌಕರಿ. ನಿವೃತ್ತಿಗೆ ಇನ್ನು ನಾಲ್ಕು ತಿಂಗಳಿತ್ತು.

ನೌಕರಿ ಬಂದದ್ದು ಗಂಡನಿಂದ. ಸೇಡಂ ಕಡೆಯ ಶಾಂತಪ್ಪ ಗಣಿ ಇಲಾಖೆಯಲ್ಲಿ ಬೋರು ಕೊರೆಯುವವನಾಗಿದ್ದ. ಈ ತೆಲುಗು ರಾಜ್ಯದ ಉತ್ತರದ ಕಾಡು ಜಿಲ್ಲೆಯಲ್ಲಿ ಏಳನೆಯ ಬೋರು ಮುಗಿಸಿದ ವಾರಕ್ಕೆ ಚಳಿಜ್ವರ ಹಿಡಿದು ಕ್ಯಾಂಪಿನಲ್ಲೇ ತೀರಿಕೊಂಡ. ಅವನ ಬದಲಿಗೆ ಹೆಂಡತಿಗೆ ಗೋದಾಮಿನ ಕೀಲಿ ಕೊಟ್ಟರು. ಅವನು ಕೊರೆದ ಬೋರುಗಳಲ್ಲಿ ಕೆಲಸಕ್ಕೆ ಬರುವಂಥದ್ದೇನೂ ಸಿಗಲಿಲ್ಲವೆಂದು ಇಲಾಖೆ ಅವನನ್ನೂ ಬೋರುಗಳನ್ನೂ ಮರೆತುಬಿಟ್ಟಿತು. ಸರ್ಕಾರದ ಮರೆವಿಗೆ ರೇಣುಕಾ ಒಗ್ಗಿಕೊಂಡಿದ್ದಳೇ ಹೊರತು ಕ್ಷಮಿಸಿರಲಿಲ್ಲ.

ಈ ವರ್ಷ ಸರ್ಕಾರಕ್ಕೆ ಇದ್ದಕ್ಕಿದ್ದಂತೆ ಉತ್ತರದ ನೆನಪಾಯಿತು. ಅಲ್ಲಿ ಅದಿರು ಹುಡುಕುವ ಕಂಪನಿಗಳಿಗೆ ಕೊರೆಯುವ ಖರ್ಚಿನಲ್ಲಿ ಅರ್ಧ ಸರ್ಕಾರವೇ ಕೊಡುತ್ತದೆ, ಹಳೆಯ ಬೋರುಗಳಲ್ಲಿ ಒಳ್ಳೆಯ ಗುರುತು ಕಂಡ ಜಾಗಗಳಿಗೆ ಮೊದಲ ಆದ್ಯತೆ ಎಂದು ಆದೇಶ ಹೊರಟಿತು. ಹಳೆಯ ಕಲ್ಲುಗಳನ್ನು ಮತ್ತೆ ಪರೀಕ್ಷಿಸಲು ಗೋದಾಮಿಗೆ ಬಂದವಳು ಹರ್ಷಿತಾ. ಮೈಸೂರಿನ ಹುಡುಗಿ, ಇಲಾಖೆಯಲ್ಲಿ ಭೂವಿಜ್ಞಾನಿಯಾಗಿ ಸೇರಿ ವರ್ಷವಾಗಿರಲಿಲ್ಲ. ಏಳನೆಯ ಬೋರಿನ ಐದು, ಆರು, ಏಳನೆಯ ಪೆಟ್ಟಿಗೆಗಳ ಕಲ್ಲುಗಳಲ್ಲಿ ಹಳದಿ ಮಿನುಗು ಕಂಡು ಅವಳು ನೆಲದ ಮೇಲೇ ಕುಳಿತುಬಿಟ್ಟಳು. ತಾಮ್ರ. ನೆಲದಿಂದ ಕೆಳಕ್ಕೆ ಕ್ರಮವಾಗಿ ಒಂದೊಂದು ಪೆಟ್ಟಿಗೆಗೆ ಐದು ಮೀಟರಿನ ಕಲ್ಲು. ಹಾಗಾದರೆ ಇಪ್ಪತ್ತು ಮೀಟರು ಕೆಳಗೇ ತಾಮ್ರ ಸಿಗುತ್ತದೆ, ಮಣ್ಣು ಸರಿಸಿ ಬಾಚಿಕೊಳ್ಳುವಷ್ಟು ಹತ್ತಿರ.

"ರೇಣುಕಮ್ಮ, ಇದನ್ನ ಕೊರೆದೋರು ನಿಮ್ಮ ಯಜಮಾನ್ರು ಅಲ್ವಾ? ವರದೀಲಿ ಅವರ ಹೆಸರು ಹಾಕ್ತೀನಿ" ಅಂದಳು ಹರ್ಷಿತಾ.

ಆ ಮಾತು ರೇಣುಕಾಳ ಎದೆಯಲ್ಲಿ ಕೂತುಬಿಟ್ಟಿತು. ಇಪ್ಪತ್ತೆರಡು ವರ್ಷ ಯಾರೂ ಎತ್ತದ ಹೆಸರು ಸರ್ಕಾರದ ಪುಸ್ತಕದಲ್ಲಿ ಅಚ್ಚಾಗುತ್ತದೆ. ಸಂಕ್ರಾಂತಿಯ ಮರುದಿನ ನಾಂಪಲ್ಲಿಯ ಇಲಾಖೆ ಕಚೇರಿಯಲ್ಲಿ ಮೀಟಿಂಗು, ಅಲ್ಲಿ ಜಾಗಗಳ ಪಟ್ಟಿ ಪಾಸಾದರೆ ಮುಗಿಯಿತು. ಬೀದಿಯಲ್ಲಿ ಸಿಕ್ಕವರಿಗೆಲ್ಲ, ಅವರು ಕೇಳದಿದ್ದರೂ, ಅವಳು ಈ ಸುದ್ದಿ ಹೇಳಿದಳು, ತೆಲುಗಿನಲ್ಲೂ ಹೇಳಿದಳು, ಹಿಂದಿಯಲ್ಲೂ ಹೇಳಿದಳು.

ಭೋಗಿಯ ದಿನ ಬೆಳಿಗ್ಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಡಿಯಲು ಕೂತಳು. ಅವಳ ಮನೆಯಲ್ಲಿ ಮೊದಲ ರೊಟ್ಟಿ ದೇವರ ಎಡೆಗೆ. ಆದರೆ ಮನಸ್ಸು ನಾಂಪಲ್ಲಿಯಲ್ಲಿತ್ತು, ಕೈ ತನ್ನಷ್ಟಕ್ಕೆ ಬಡಿಯುತ್ತಾ ಹೋಯಿತು, ಬೆಂದದ್ದೆಲ್ಲ ಬುಟ್ಟಿಗೆ ಒಂದರ ಮೇಲೊಂದು ಬಿತ್ತು. ಎಡೆಯ ನೆನಪಾಗುವಷ್ಟರಲ್ಲಿ ಇಪ್ಪತ್ತು ರೊಟ್ಟಿ ಆಗಿದ್ದವು. ಮೊದಲನೆಯದು ಬೇಕಲ್ಲ ಎಂದು ಅಷ್ಟನ್ನೂ ಎತ್ತಿ ತಳಕ್ಕೆ ಕೈ ಹಾಕಿದಳು. ರೊಟ್ಟಿ ಕೈಯಲ್ಲೇ ಉಳಿಯಿತು.

ಮೊದಲು ಬೆಂದದ್ದು ತಳದಲ್ಲಿರುತ್ತದೆ.

ಶಾಂತಪ್ಪ ತುಂಬಿದ ಪೆಟ್ಟಿಗೆಗಳನ್ನು ಆಗಾಗ ಲಾರಿಯಲ್ಲಿ ತಂದು ಹಿಂದಿನವುಗಳ ಮೇಲೆ ಪೇರಿಸಿ ಹೋಗುತ್ತಿದ್ದ. ಅವನು ಸತ್ತ ಮೇಲೆ ಆ ರಾಶಿಯನ್ನು ಯಾರೂ ಮುಟ್ಟಿರಲಿಲ್ಲ. ಹನ್ನೊಂದು ವರ್ಷದ ಹಿಂದೆ ಗೆದ್ದಲು ಕಟ್ಟಿಗೆಯ ಪೆಟ್ಟಿಗೆಗಳನ್ನೂ ಅವುಗಳ ನಂಬರುಗಳನ್ನೂ ತಿಂದುಹಾಕಿದಾಗ, ತಪಾಸಣೆ ಬಂತೆಂದು ರೇಣುಕಾಳೇ ಏಣಿ ಹಾಕಿ ಒಂದೊಂದಾಗಿ ಇಳಿಸಿ ಕಲ್ಲುಗಳನ್ನು ತಗಡಿನ ಪೆಟ್ಟಿಗೆಗೆ ಹಾಕಿದ್ದಳು. ಮೊದಲು ಕೈಗೆ ಸಿಕ್ಕ ಮೇಲಿನದಕ್ಕೆ ಒಂದು ಎಂದು ಬರೆದಿದ್ದಳು, ತಳದ್ದಕ್ಕೆ ಮೂವತ್ತಾರು. ತಾಳೆ ನೋಡಲು ಕಡತವೂ ಇರಲಿಲ್ಲ. ರಾಜ್ಯ ಎರಡಾದಾಗ ಕಡತಗಳೂ ಪಾಲಾದವು, ಏಳನೆಯ ಬೋರಿನದು ಯಾರ ಪಾಲಿಗೂ ಬರಲಿಲ್ಲ.

ಆ ಹಬ್ಬದಲ್ಲಿ ಅವಳು ಒಂದು ಕಡೆ ಇರಲಿಲ್ಲ. ಕೂತರೆ ನಿಲ್ಲಬೇಕು, ನಿಂತರೆ ನಡೆಯಬೇಕು. ಹರ್ಷಿತಾಗೆ ಫೋನು ಮಾಡಲು ಎರಡು ಸಲ ಹೆಸರು ತೆಗೆದು ಎರಡು ಸಲವೂ ಮುಚ್ಚಿದಳು. ನನಗೇ ತಪ್ಪು ನೆನಪಿರಬಹುದು ಎಂದು ತನಗೆ ತಾನೇ ಹೇಳಿಕೊಂಡಳು. ಸಂಕ್ರಾಂತಿಯ ಮಧ್ಯಾಹ್ನ ಊರೆಲ್ಲ ಗಾಳಿಪಟ ಹಾರಿಸುತ್ತಿದ್ದರೆ, ಇವಳು ಹಬ್ಬದ ಸೀರೆಯಲ್ಲೇ ಬಾಲಾನಗರಕ್ಕೆ ಹೋಗಿ ಗೋದಾಮಿನ ಬೀಗ ತೆಗೆದಳು.

ಮೂವತ್ತಾರನೆಯ ಪೆಟ್ಟಿಗೆಯ ಕಲ್ಲು ಕೆಂಪಗಿತ್ತು, ಉಗುರಿನಿಂದ ಕೆರೆದರೆ ಉದುರುತ್ತಿತ್ತು. ಬಿಸಿಲು ಮಳೆ ತಿಂದ ಕಲ್ಲು, ನೆಲದ ಮೇಲ್ಭಾಗದ್ದು. ಹರ್ಷಿತಾ ಅದನ್ನು ನೋಡದೆ ಇರಲಿಲ್ಲ. ತಳದ ಬಿರುಕಿಗೆ ನೀರು ಇಳಿದು ಹಾಗಾಗಿರಬೇಕು ಎಂದು ಬರೆದುಕೊಂಡಿದ್ದಳು. ನಂಬರಿನ ಮೇಲೆ ಅವಳಿಗೆ ಅಷ್ಟು ನಂಬಿಕೆ. ಒಂದನೆಯ ಪೆಟ್ಟಿಗೆಯದು ಕರಿ ಕಲ್ಲು, ಸುತ್ತಿಗೆಗೂ ಜಗ್ಗದಂಥದ್ದು.

ರೇಣುಕಾ ಪೆಟ್ಟಿಗೆಗಳ ನಡುವೆ ಕೂತು ಬೆರಳು ಮಡಚಿ ಎಣಿಸಿದಳು. ತಾಮ್ರದ ಪೆಟ್ಟಿಗೆಗಳು ನಿಜವಾಗಿ ಮೂವತ್ತರಿಂದ ಮೂವತ್ತೆರಡು. ತಾಮ್ರ ಇದ್ದದ್ದು ಇಪ್ಪತ್ತು ಮೀಟರಿನಲ್ಲಲ್ಲ, ನೂರ ನಲವತ್ತೈದರಲ್ಲಿ. ಅಷ್ಟು ಆಳದ ತೆಳು ಪದರಕ್ಕೆ ಯಾವ ಕಂಪನಿಯೂ ಬರುವುದಿಲ್ಲವೆಂದು ಹರ್ಷಿತಾಳೇ ಬೇರೆ ಬೋರುಗಳ ವಿಷಯದಲ್ಲಿ ಹೇಳಿದ್ದಳು. ಬಾಯಿ ಮುಚ್ಚಿಕೊಂಡಿದ್ದರೆ ಶಾಂತಪ್ಪನ ಹೆಸರು ಅಚ್ಚಾಗುತ್ತದೆ, ನಾಲ್ಕು ತಿಂಗಳಲ್ಲಿ ತಾನು ಮನೆ ಸೇರಬಹುದು. ಆಮೇಲೆ ಅಲ್ಲಿ ಕಾಡು ಕಡಿಯುತ್ತಾರೆ, ಅಗೆಯುತ್ತಾರೆ, ಏನೂ ಸಿಗುವುದಿಲ್ಲ. ಆಗ ಎಲ್ಲರೂ ತೆಗೆಯುವುದು ಅದೇ ಹೆಸರನ್ನು, ಬೈಯುವುದಕ್ಕೆ. ಹರ್ಷಿತಾಳ ಹೆಸರನ್ನೂ. ಸತ್ತವನಿಗೆ ನಾನೇ ಎಂಥ ಮರ್ಯಾದೆ ಮಾಡಲು ಹೊರಟಿದ್ದೆ ಎಂದು ಅವಳಿಗೆ ಅಳು ಬಂತು, ಹಿಂದೆಯೇ ಸಿಟ್ಟೂ ಬಂತು.

ಮರುದಿನ ನಾಂಪಲ್ಲಿಯಲ್ಲಿ ವರ್ಷಕ್ಕೊಮ್ಮೆ ನಡೆಯುವ ಎಕ್ಸಿಬಿಷನ್ನಿನ ಜನಜಾತ್ರೆ. ಬಸ್ಸು ನಿಂತಲ್ಲೇ ನಿಂತಿತು. ರೇಣುಕಾ ಇಳಿದು, ಕೆಂಪು ಕಲ್ಲಿನ ತುಂಡೊಂದನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಬಿರಬಿರನೆ ನಡೆದಳು. ಮೀಟಿಂಗು ಶುರುವಾಗಿತ್ತು. ಬಾಗಿಲಲ್ಲಿ ಜವಾನ ತಡೆದ, ಅವಳು ನಿಲ್ಲಲಿಲ್ಲ. ಮೇಜಿನ ತುದಿಗೆ ನಿರ್ದೇಶಕ ಪದ್ಮನಾಭ, ಗೋಡೆಯ ಮೇಲೆ ಪ್ರೊಜೆಕ್ಟರಿನ ಬೆಳಕಿನಲ್ಲಿ ಏಳನೆಯ ಬೋರಿನ ಚಿತ್ರ, ಅದರ ಪಕ್ಕ ಹರ್ಷಿತಾ. ರೇಣುಕಾ ಕಲ್ಲನ್ನು ಬಿಚ್ಚಿ ಮೇಜಿನ ಮೇಲಿಟ್ಟಳು.

"ಮೇಡಂ, ಪೆಟಗಿ ನಂಬರ್ ಬರದಾಕಿ ನಾನರಿ. ಉಲ್ಟಾ ಬರದೀನಿ. ತಾಮ್ರ ಮ್ಯಾಲಿಲ್ಲ, ತಳದಾಗ ಐತಿ."

ಹರ್ಷಿತಾ ಕಲ್ಲನ್ನು ಕೈಗೆತ್ತಿಕೊಂಡಳು. ಉಗುರಿನಿಂದ ಕೆರೆದಳು. ಮುಖದ ಬಣ್ಣ ಇಳಿಯಿತು. ನೀರು, ಬಿರುಕು ಎಂದು ತಾನು ಬರೆದದ್ದು ಅವಳಿಗೆ ನೆನಪಾಗಿರಬೇಕು. ಪದ್ಮನಾಭರು ಗುಡುಗಿದರು. ಮೇಲಿನವರಿಗೆ ಪಟ್ಟಿಯ ಕರಡು ಹೋಗಿ ವಾರವಾಯಿತು, ಈಗ ಒಂದು ಜಾಗ ತೆಗೆದರೆ ಇಲಾಖೆಯ ಮಾನ ಏನಾಗಬೇಕು, ಗೋದಾಮು ಗುಡಿಸುವವರ ಮಾತಿಗೆ ಸರ್ಕಾರದ ಯೋಜನೆ ನಿಲ್ಲಬೇಕೇ ಎಂದು ಕೇಳಿದರು. ಹರ್ಷಿತಾ ಕೆಂಪು ಕಲ್ಲನ್ನು ಅವರ ಮುಂದಿಟ್ಟಳು. ಆಮೇಲೆ ಗೋಡೆಯ ಮೇಲಿನ ಚಿತ್ರ ಆರಿಸಿ, ತಪ್ಪು ತನ್ನದೂ ಹೌದು, ಏಳನೆಯ ಬೋರನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದಳು.

ಹೊರಗೆ ವರಾಂಡದಲ್ಲಿ ರೇಣುಕಾ ಹರ್ಷಿತಾಳನ್ನು ತಡೆದು ನಿಲ್ಲಿಸಿದಳು. "ಅವರ ಹೆಸರು ಬಿಟ್ಟುಬಿಡ್ರಿ ಮೇಡಂ. ಸುಳ್ಳಿನ ಮ್ಯಾಲ ಅವರ ಹೆಸರು ಬ್ಯಾಡ" ಎಂದಳು.

ಇಬ್ಬರಿಗೂ ನೋಟೀಸು ಬಂತು, ಇಬ್ಬರೂ ಉತ್ತರ ಬರೆದರು. ರೇಣುಕಾ ಮೂವತ್ತಾರು ಪೆಟ್ಟಿಗೆಗಳ ನಂಬರು ಕೆರೆದು ಹೊಸದಾಗಿ ಬರೆದಳು, ಈ ಸಲ ಒಂದೊಂದನ್ನೂ ಹರ್ಷಿತಾಗೆ ತೋರಿಸಿ. ನಿವೃತ್ತಿಯ ದಿನ ಹರ್ಷಿತಾ ಅಚ್ಚಾದ ವರದಿಯನ್ನು ತಂದು ಅವಳ ಕೈಗಿತ್ತಳು. ಜಾಗಗಳ ಪಟ್ಟಿಯಲ್ಲಿ ಏಳನೆಯ ಬೋರು ಇರಲಿಲ್ಲ. ಹರ್ಷಿತಾ ಕೊನೆಯ ಪುಟ ತಿರುಗಿಸಿ, ತಿದ್ದುಪಡಿಗಳು ಎಂಬುದರ ಕೆಳಗಿನ ಇಂಗ್ಲಿಷ್ ಸಾಲನ್ನು ಕನ್ನಡ ಮಾಡಿ ಓದಿದಳು. ಏಳನೆಯ ಬೋರಿನ ಪೆಟ್ಟಿಗೆಗಳ ಕ್ರಮ ತಪ್ಪಾಗಿದ್ದುದನ್ನು ಗೋದಾಮಿನ ನೌಕರರಾದ ರೇಣುಕಾ ಶಾಂತಪ್ಪ ತಾವಾಗಿಯೇ ತಿಳಿಸಿ ಸರಿಪಡಿಸಿದ್ದಾರೆ.

ರೇಣುಕಾ ಆ ಅಕ್ಷರಗಳ ಮೇಲೆ ಬೆರಳಿಟ್ಟು ನಿಧಾನವಾಗಿ ಸರಿಸಿದಳು, ತನ್ನ ಹೆಸರು ದಾಟಿ ಅವನದರ ಮೇಲೆ ನಿಲ್ಲಿಸಿದಳು.

"ತಪ್ಪಿನ ಹಾಳ್ಯಾಗ ಬಂದಾನ ನೋಡ್ರಿ" ಅಂದಳು. "ಇರಲಿ. ನನ್ನ ಜೋಡಿ ಬಂದಾನ."